ಅಭಿಪ್ರಾಯ ಬದಲಾಗಲಿಲ್ಲ, ಆದರೂ ಮಾತು ನಿಲ್ಲಲಿಲ್ಲ

ಪ್ರಶ್ನೆ: ನಾನೂ ನನ್ನ ಅಣ್ಣನೂ ಚಿಕ್ಕಂದಿನಿಂದ ಜೋಡಿ. ಈಗ ನಾಲ್ಕೈದು ವರ್ಷದಿಂದ ರಾಜಕೀಯದ ಮಾತು ಬಂದರೆ ಸಾಕು, ಇಬ್ಬರೂ ಕೆಂಡ ಕಾರುತ್ತೇವೆ. ಅವನು ನಂಬುವುದು ನನಗೆ ಅಪಾಯ ಅನ್ನಿಸುತ್ತದೆ. ನಾನು ನಂಬುವುದು ಅವನಿಗೆ ದ್ರೋಹ ಅನ್ನಿಸುತ್ತದೆ. ಹೊರಗೂ ಇದೇ ಕಥೆ. ‘ಇಬ್ಬರಿಗೂ ಒಪ್ಪಿಗೆಯಾಗುವ ಜಾಗ ಹುಡುಕಿಕೊಳ್ಳಿ’ ಎಂದು ಎಲ್ಲರೂ ಹೇಳುತ್ತಾರೆ. ಧ್ರುವೀಕರಣ ಇಷ್ಟು ಆಳಕ್ಕೆ ಇಳಿದ ಮೇಲೆ ಅಂಥ ಜಾಗ ನಿಜವಾಗಿಯೂ ಇರುತ್ತದಾ? ಅಥವಾ ಇದು ಸುಮ್ನೆ ಹೇಳುವ ಒಳ್ಳೆ ಮಾತಾ?

ಉತ್ತರ: ಇರುತ್ತದೆ. ಆದರೆ ನಾವು ಸಾಮಾನ್ಯವಾಗಿ ಹುಡುಕುವ ಕಡೆ ಇರುವುದಿಲ್ಲ. ಅಣ್ಣನ ಅಭಿಪ್ರಾಯ ಒಂದು ತುದಿ, ನಿಮ್ಮದು ಇನ್ನೊಂದು ತುದಿ, ಇಬ್ಬರೂ ಅರ್ಧರ್ಧ ದಾರಿ ನಡೆದು ಮಧ್ಯದಲ್ಲಿ ಕೈಕುಲುಕುವುದು ಎಂದು ನೀವು ಅಂದುಕೊಂಡಿದ್ದರೆ, ಅದು ಆಗುವುದು ಬಹಳ ಅಪರೂಪ. ಅದನ್ನೇ ಗುರಿ ಮಾಡಿಕೊಂಡವರು ಬೇಗ ಸೋತು, ಮಾತೇ ಬಿಟ್ಟುಬಿಡುತ್ತಾರೆ. ಬೇರೆ ಬೇರೆ ನಿಲುವಿನ ಜನರನ್ನು ಒಂದು ಮೇಜಿನ ಸುತ್ತ ಕೂರಿಸುವ ಕೆಲಸ ನನ್ನದು. ನಿಮ್ಮ ಪ್ರಶ್ನೆಯನ್ನು ಯಾರು ಕೇಳಿದರೂ ನಾನು ಮೊದಲು ಹೇಳುವುದು ಅಮೆರಿಕದ ಬಾಸ್ಟನ್ ಪ್ರದೇಶದ ಆರು ಮಹಿಳೆಯರ ವಿಷಯ.

1994ರ ಡಿಸೆಂಬರ್ 30. ಬಾಸ್ಟನ್‌ಗೆ ಅಂಟಿಕೊಂಡಿರುವ ಬ್ರೂಕ್‌ಲೈನ್‌ನಲ್ಲಿ ಗರ್ಭಪಾತ ಮಾಡುತ್ತಿದ್ದ ಎರಡು ಕ್ಲಿನಿಕ್‌ಗಳಿಗೆ ಒಬ್ಬ ಬಂದೂಕುಧಾರಿ ನುಗ್ಗಿದ. ಅಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಮಹಿಳೆಯರನ್ನು ಕೊಂದ. ಇನ್ನೂ ಐದು ಜನರಿಗೆ ಗಾಯವಾಯಿತು. ಊರೆಲ್ಲ ನಡುಗಿತು. ಎರಡೂ ಕಡೆಯ ಮುಖಂಡರು ಮಾತಾಡಬೇಕು ಎಂದು ರಾಜ್ಯದ ಗವರ್ನರ್ ಕೇಳಿದರು, ಕ್ಯಾಥೊಲಿಕ್ ಚರ್ಚ್‌ನ ಕಾರ್ಡಿನಲ್ ಕೂಡ ಕೇಳಿದರು. ಸಂಧಾನದಲ್ಲಿ ಪಳಗಿದ ಒಂದು ಸಂಸ್ಥೆ ಆರು ಮಹಿಳೆಯರನ್ನು ಒಪ್ಪಿಸಿತು. ಮೂವರು ಗರ್ಭಪಾತದ ಹಕ್ಕಿಗಾಗಿ ಹೋರಾಡುತ್ತಿದ್ದವರು, ಮೂವರು ಅದನ್ನು ಕೊಲೆ ಎಂದೇ ನಂಬಿದವರು. ಆರೂ ಜನ ತಮ್ಮ ತಮ್ಮ ಬಣದಲ್ಲಿ ದೊಡ್ಡ ಹೆಸರು.

1995ರ ಸೆಪ್ಟೆಂಬರ್‌ನಲ್ಲಿ ಅವರು ಮೊದಲ ಸಲ ಸೇರಿದರು. ಗುಟ್ಟಾಗಿ ಸೇರಬೇಕಾಯಿತು. ಎದುರು ಬಣದವರ ಜತೆ ಕೂತಿದ್ದಾರೆ ಎಂದು ಗೊತ್ತಾದರೆ ತಮ್ಮವರೇ ಬಿಡುತ್ತಿರಲಿಲ್ಲ. ಮೊದಲ ಜಗಳ ಶುರುವಾದದ್ದು ಪದಗಳ ಮೇಲೆ. ಒಬ್ಬರನ್ನೊಬ್ಬರು ಏನೆಂದು ಕರೆಯಬೇಕು? ಕೊನೆಗೆ, ಯಾರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದೇ ಹೆಸರು ಎಂದಾಯಿತು. ಹಾಗಾಗಿ ಒಂದು ಕಡೆಯವರು ‘ಜೀವಪರ’, ಇನ್ನೊಂದು ಕಡೆಯವರು ‘ಆಯ್ಕೆಪರ’. ಹೊಟ್ಟೆಯಲ್ಲಿ ಬೆಳೆಯುವುದನ್ನು ಏನೆನ್ನುವುದು? ‘ಭ್ರೂಣ’ ಎಂದರೆ ಜೀವಪರರಿಗೆ ಆಗದು. ‘ಹುಟ್ಟದ ಮಗು’ ಎಂದರೆ ಆಯ್ಕೆಪರರಿಗೆ ಆಗದು. ಆರೂ ಜನ ಒಲ್ಲದ ಮನಸ್ಸಿನಿಂದ ‘ಮಾನವ ಭ್ರೂಣ’ ಎಂಬ ಪದಕ್ಕೆ ಒಪ್ಪಿದರು. ಯಾವ ಯಾವ ಮಾತು ಕೇಳಿದರೆ ತಮಗೆ ಉರಿಯುತ್ತದೆ ಎಂದು ಪಟ್ಟಿಯನ್ನೂ ಮಾಡಿಕೊಂಡರು.

ನಾಲ್ಕು ಸಲ ಸೇರೋಣ ಎಂದುಕೊಂಡಿದ್ದವರು ಐದು ವರ್ಷಕ್ಕೂ ಜಾಸ್ತಿ ಸೇರಿದರು. 150 ಗಂಟೆಗೂ ಹೆಚ್ಚು ಮಾತಾಡಿದರು. 2001ರ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆಯಲ್ಲಿ ಆರೂ ಜನ ಸೇರಿ ಲೇಖನ ಬರೆದು ಗುಟ್ಟು ಬಿಚ್ಚಿಟ್ಟರು. ಅದರಲ್ಲಿ ಅವರು ಹೇಳಿದ ಒಂದು ವಿಷಯ ನನ್ನ ಯೋಚನೆಯ ದಿಕ್ಕನ್ನೇ ಬದಲಿಸಿತು. ಅಷ್ಟು ವರ್ಷದ ಮಾತಿನಲ್ಲಿ ಗರ್ಭಪಾತದ ಬಗ್ಗೆ ಒಬ್ಬರ ನಿಲುವೂ ಬದಲಾಗಲಿಲ್ಲ. ಬದಲಿಗೆ ಇನ್ನಷ್ಟು ಗಟ್ಟಿಯಾಯಿತು. ಎರಡು ಲೋಕದೃಷ್ಟಿಗಳು ಇಲ್ಲಿ ಒಂದಾಗುವುದೇ ಇಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು.

ಹಾಗಾದರೆ ಬದಲಾದದ್ದೇನು? ಅವರು ಹೊರಗೆ ಭಾಷಣ ಮಾಡುವಾಗ ಎದುರಿನವರನ್ನು ರಾಕ್ಷಸರಂತೆ ತೋರಿಸುವುದನ್ನು ಬಿಟ್ಟರು. ಎದುರು ಬಣದ ಒಬ್ಬ ಮುಖಂಡೆಗೆ ಅಪಾಯ ಇರಬಹುದು ಎಂಬ ಸುಳಿವು ಸಿಕ್ಕಾಗ ಜೀವಪರ ಕಡೆಯವರೇ ಆಕೆಗೆ ಎಚ್ಚರಿಕೆ ಕೊಟ್ಟರು. ಆ ಕೊಲೆಗಳನ್ನು ಸರಿ ಎನ್ನುತ್ತಿದ್ದ ಬೇರೆ ರಾಜ್ಯದ ವ್ಯಕ್ತಿಯೊಬ್ಬ ಅಲ್ಲಿಗೆ ಬರಲು ಹೊರಟಾಗ, ನೀನು ಬರಬೇಡ ಎಂದು ಪತ್ರ ಬರೆದವರೂ ಜೀವಪರ ಮಹಿಳೆಯರೇ.

ನೀವು ಕೇಳಿದ ಜಾಗ ಇದು. ಅಭಿಪ್ರಾಯ ಒಂದಾಗಲಿಲ್ಲ. ಆದರೆ ನನ್ನ ಎದುರಾಳಿ ಸಾಯಬಾರದು, ಅವಳ ಬಗ್ಗೆ ನಾನು ಸುಳ್ಳು ಹೇಳಬಾರದು, ನಾಳೆಯೂ ಅವಳ ಜತೆ ಮಾತಾಡಲು ಆಗಬೇಕು ಎಂಬಲ್ಲಿ ಆರೂ ಜನ ನಿಂತರು. ಇದು ಚಿಕ್ಕದು ಅನ್ನಿಸುತ್ತದಾ? ಹೆಣ ಬಿದ್ದ ಊರಿನಲ್ಲಿ ಇದು ಚಿಕ್ಕದಲ್ಲ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಧ್ರುವೀಕರಣ ಎಂಬ ಒಂದೇ ಪದದಲ್ಲಿ ನಾವು ಎರಡು ವಿಷಯಗಳನ್ನು ತುಂಬಿಬಿಟ್ಟಿದ್ದೇವೆ. ಒಂದು, ನಿಲುವುಗಳ ನಡುವಿನ ದೂರ. ತೆರಿಗೆ ಎಷ್ಟಿರಬೇಕು, ಗಡಿ ಹೇಗಿರಬೇಕು, ಯಾವ ಕಾನೂನು ಬೇಕು, ಯಾವುದು ಬೇಡ ಎಂಬ ಭಿನ್ನಾಭಿಪ್ರಾಯ. ಇನ್ನೊಂದು, ಎದುರಿನ ಜನರ ಮೇಲಿನ ಅಸಹ್ಯ ಮತ್ತು ಭಯ. ಮೊದಲನೆಯದು ಪ್ರಜಾಪ್ರಭುತ್ವಕ್ಕೆ ಬೇಕೇ ಬೇಕು. ಎಲ್ಲರದೂ ಒಂದೇ ಅಭಿಪ್ರಾಯವಾದರೆ ಚುನಾವಣೆ ಯಾಕೆ? ಕೊಲ್ಲುವುದು ಎರಡನೆಯದು. ಈ ಎರಡನೆಯದು ಹುಟ್ಟಲು ಮೊದಲನೆಯದು ಬೇಕೆಂದೇ ಇಲ್ಲ.

1970ರ ಸುಮಾರಿಗೆ ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ತಾಜ್‌ಫೆಲ್ ಪೋಲೆಂಡಿನ ಯಹೂದಿ. ನಾಜಿಗಳ ಹತ್ಯಾಕಾಂಡದಲ್ಲಿ ಅವರ ಕುಟುಂಬ ನಾಶವಾಗಿತ್ತು. ಮನುಷ್ಯ ಮನುಷ್ಯನನ್ನು ‘ಅವರು’ ಎಂದು ಬೇರೆ ಮಾಡುವುದು ಎಲ್ಲಿಂದ ಶುರುವಾಗುತ್ತದೆ ಎಂಬುದು ಅವರಿಗೆ ಸುಮ್ಮನೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ಪರದೆಯ ಮೇಲಿನ ಚುಕ್ಕಿಗಳನ್ನು ಅಂದಾಜು ಮಾಡಿ ಎಂದು ಹುಡುಗರಿಗೆ ಹೇಳಿದರು. ಕೆಲವರಿಗೆ ‘ನೀವು ಹೆಚ್ಚು ಅಂದಾಜು ಮಾಡುವವರ ಗುಂಪು’ ಎಂದರು, ಉಳಿದವರಿಗೆ ‘ಕಡಿಮೆ ಅಂದಾಜು ಮಾಡುವವರ ಗುಂಪು’ ಎಂದರು. ನಿಜವಾಗಿ ಗುಂಪು ಹಂಚಿದ್ದು ಚೀಟಿ ಎತ್ತಿದ ಹಾಗೆ, ಮನಸ್ಸಿಗೆ ಬಂದಂತೆ. ಆಮೇಲೆ ಬೇರೆ ಹುಡುಗರಿಗೆ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಇದೇ ಸಾಲಿನ ಮುಂದಿನ ಪ್ರಯೋಗದಲ್ಲಿ, ತಮ್ಮವರಿಗೆ ಸಿಗುವುದು ಕಡಿಮೆಯಾದರೂ ಚಿಂತೆಯಿಲ್ಲ, ‘ಅವರಿಗಿಂತ’ ಜಾಸ್ತಿ ಇರಬೇಕು ಎಂದು ಹಂಚಿದರು.

ಚುಕ್ಕಿ ಎಣಿಕೆಗೇ ಇಷ್ಟಾದರೆ, ಧರ್ಮ, ಭಾಷೆ, ದೇಶ, ವರ್ಗ ಎಲ್ಲವೂ ಒಂದೇ ಪಕ್ಷದ ಬಾವುಟದ ಕೆಳಗೆ ಬಂದು ಸೇರಿದಾಗ ಏನಾಗಬೇಡ? ಹಾಗಾಗಿ ನಿಮ್ಮಿಬ್ಬರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ಇಬ್ಬರು ಒಳ್ಳೆಯವರ ನಡುವೆಯೂ ಇದು ಬೆಳೆಯುತ್ತದೆ.

ಇನ್ನೊಂದು ವಿಷಯ. ನಾವು ದ್ವೇಷಿಸುವ ಎದುರಾಳಿ ಬಹಳ ಸಲ ನಮ್ಮ ತಲೆಯೊಳಗೆ ಮಾತ್ರ ಇರುತ್ತಾನೆ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಿಪಬ್ಲಿಕನ್ ಪಕ್ಷದವರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುವವರು ಎಷ್ಟು ಎಂದು ಕೇಳಿದರು. ಜನರ ಅಂದಾಜು ಸರಾಸರಿ 38 ಶೇಕಡಾ. ನಿಜ ಸಂಖ್ಯೆ ಸುಮಾರು 2 ಶೇಕಡಾ. ಡೆಮಾಕ್ರಟಿಕ್ ಪಕ್ಷದವರ ಬಗ್ಗೆಯೂ ಇಷ್ಟೇ ದೊಡ್ಡ ತಪ್ಪು ಅಂದಾಜುಗಳಿದ್ದವು. ಮರುವರ್ಷ ಮೋರ್ ಇನ್ ಕಾಮನ್ ಎಂಬ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಎರಡೂ ಕಡೆಯವರು, ಎದುರು ಪಕ್ಷದಲ್ಲಿ ತೀವ್ರ ನಿಲುವಿನವರು ನಿಜಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇದ್ದಾರೆ ಎಂದು ಭಾವಿಸಿದ್ದರು. ನನ್ನನ್ನು ಜಾಸ್ತಿ ಕಾಡಿದ್ದು ಅದರ ಇನ್ನೊಂದು ಭಾಗ. ಸದಾ ಸುದ್ದಿ ನೋಡುವವರ ಅಂದಾಜು ಆಗೊಮ್ಮೆ ಈಗೊಮ್ಮೆ ನೋಡುವವರದ್ದಕ್ಕಿಂತ ತುಂಬಾ ಹೆಚ್ಚು ತಪ್ಪಾಗಿತ್ತು. ನಾವು ತಿಳಿದುಕೊಳ್ಳುತ್ತಿದ್ದೇವೆ ಎಂದುಕೊಂಡು ನೋಡುವುದೇ ನಮ್ಮ ತಿಳಿವನ್ನು ಕೆಡಿಸುತ್ತಿರಬಹುದು.

ಹಾಗಾದರೆ ಎದುರಿನವರ ಮಾತನ್ನು ಜಾಸ್ತಿ ಓದಿದರೆ ಸರಿಹೋಗುತ್ತದಾ? ಇಲ್ಲ, ಓದುವುದೊಂದೇ ಸಾಲದು. 2017ರಲ್ಲಿ ಸಮಾಜವಿಜ್ಞಾನಿ ಕ್ರಿಸ್ಟೋಫರ್ ಬೇಲ್ ಮತ್ತು ಅವರ ತಂಡ ಟ್ವಿಟರ್ ಬಳಸುವ ಅಮೆರಿಕನ್ನರಿಗೆ ಒಂದು ತಿಂಗಳು ಎದುರು ಪಕ್ಷದ ಸಂದೇಶಗಳನ್ನು ತೋರಿಸಿತು. ತಿಂಗಳ ಕೊನೆಗೆ ರಿಪಬ್ಲಿಕನ್ನರು ಮೊದಲಿಗಿಂತ ಹೆಚ್ಚು ಸಂಪ್ರದಾಯವಾದಿಗಳಾಗಿದ್ದರು. ಡೆಮಾಕ್ರಟಿಕ್ ಕಡೆಯವರೂ ಹತ್ತಿರ ಬರಲಿಲ್ಲ. ನೀವು ಅಣ್ಣನಿಗೆ ಕಳಿಸುವ ಲೇಖನ, ಅವನು ನಿಮಗೆ ಕಳಿಸುವ ವಿಡಿಯೊ ಇದೇ ಕೆಲಸ ಮಾಡುತ್ತಿರುತ್ತವೆ. ಎದುರು ಬಣದ ಕೂಗು ಕಿವಿಗೆ ಬಿದ್ದಷ್ಟೂ ನಮ್ಮ ಕಿವಿ ಮುಚ್ಚುತ್ತದೆ. ದಯವಿಟ್ಟು ಕಳಿಸುವುದನ್ನು ನಿಲ್ಲಿಸಿ.

ಕೆಲಸ ಮಾಡುವುದು ಬೇರೆ ಏನೋ ಇದೆ. ಅದರ ಹಿಂದಿನ ಕಥೆಯನ್ನೂ ಹೇಳಬೇಕು, ಯಾಕೆಂದರೆ ಅದರಲ್ಲಿ ಪ್ರಾಮಾಣಿಕತೆಯ ಪಾಲು ಇದೆ. ಮನೆ ಬಾಗಿಲಿಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರೆ ಜನರ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದು 2014ರಲ್ಲಿ ಒಂದು ಸಂಶೋಧನೆ ಹೇಳಿತು. ಅದರ ದತ್ತಾಂಶವನ್ನು ನಂಬಲಾಗದು ಎಂದು ತೋರಿಸಿದವರಲ್ಲಿ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಇಬ್ಬರು ಸಂಶೋಧಕರೂ ಇದ್ದರು. ಆ ಪ್ರಬಂಧವನ್ನು ಹಿಂಪಡೆಯಲಾಯಿತು. ಆಮೇಲೆ ಅವರಿಬ್ಬರೂ ಮಿಯಾಮಿಯಲ್ಲಿ ತಾವೇ ಪರೀಕ್ಷೆ ನಡೆಸಿ 2016ರಲ್ಲಿ ಪ್ರಕಟಿಸಿದರು. ಸುಮಾರು 10 ನಿಮಿಷದ ಮಾತು, ವಿಷಯ ಲಿಂಗಪರಿವರ್ತಿತರ ಬಗೆಗಿನ ಪೂರ್ವಗ್ರಹ. ಅದು ನಿಜಕ್ಕೂ ಕಡಿಮೆಯಾಗಿತ್ತು, ಮತ್ತು ಪರಿಣಾಮ ಕನಿಷ್ಠ ಮೂರು ತಿಂಗಳು ಉಳಿಯಿತು.

ಆ 10 ನಿಮಿಷದಲ್ಲಿ ಅವರು ಮಾಡಿದ್ದೇನು? ವಾದ ಮಾಡಲಿಲ್ಲ. ಅಂಕಿಸಂಖ್ಯೆ ಸುರಿಯಲಿಲ್ಲ. ‘ನಿಮ್ಮನ್ನು ಯಾರಾದರೂ ಬೇರೆ ಥರ ನೋಡಿದ್ದು, ಹೀಯಾಳಿಸಿದ್ದು ಇದೆಯಾ?’ ಎಂದು ಕೇಳಿದರು. ಕೇಳಿಸಿಕೊಂಡರು. ತಮ್ಮದೂ ಹೇಳಿದರು. ತೀರ್ಪು ಕೊಡಲಿಲ್ಲ. ಮುಂದಿನ ವರ್ಷಗಳಲ್ಲಿ ಅದೇ ಇಬ್ಬರು ಬೇರೆ ಪ್ರಯೋಗಗಳಲ್ಲಿ ಈ ಅನುಭವದ ವಿನಿಮಯವನ್ನು ತೆಗೆದು ಬರೀ ವಾದ ಉಳಿಸಿ ನೋಡಿದರು. ಪರಿಣಾಮವೂ ಹೋಯಿತು.

ಹಾಗಾಗಿ ಅಣ್ಣನ ಜತೆ ಮಾತು ಶುರು ಮಾಡುವ ಬಗ್ಗೆ ನನ್ನ ಸಲಹೆ ಹೀಗಿದೆ. ಇಬ್ಬರೇ ಇರುವಾಗ ಮಾತಾಡಿ. ನೋಡುವವರು ಇದ್ದರೆ ಮಾತು ಪಂದ್ಯವಾಗುತ್ತದೆ, ಸೋಲಲು ಯಾರಿಗೂ ಮನಸ್ಸಾಗುವುದಿಲ್ಲ. ಮೊಬೈಲ್‌ನಲ್ಲಿ ಬರೆದು ವಾದಿಸುವುದಂತೂ ಬೇಡವೇ ಬೇಡ. ‘ನೀನು ಯಾಕೆ ಹೀಗೆ ನಂಬುತ್ತೀಯ?’ ಎಂದು ಕೇಳಿದರೆ ಅವನು ಕಾರಣಗಳ ಪಟ್ಟಿ ಕೊಡುತ್ತಾನೆ. ಆ ಪಟ್ಟಿ ಬೇರೆಯವರು ಬರೆದುಕೊಟ್ಟದ್ದಾಗಿರಬಹುದು. ‘ಈ ವಿಷಯ ನಿನಗೆ ಮುಖ್ಯ ಅನ್ನಿಸಲು ಶುರುವಾದದ್ದು ಯಾವಾಗ?’ ಎಂದು ಕೇಳಿ. ಆಗ ಅವನದೇ ಜೀವನದ ಯಾವುದೋ ಘಟನೆ ಬರುತ್ತದೆ.

ಅವನು ಹೇಳಿದ ಮೇಲೆ ಅದನ್ನು ನಿಮ್ಮ ಮಾತಿನಲ್ಲಿ ಅವನಿಗೇ ತಿರುಗಿ ಹೇಳಿ. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಅವನು ಒಪ್ಪುವವರೆಗೂ ನಿಮ್ಮ ವಾದ ಶುರು ಮಾಡಬೇಡಿ. ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ನಾನು ನಡೆಸಿದ ಬಹಳಷ್ಟು ಸಭೆಗಳಲ್ಲಿ ಜನ ಮೂರು ನಾಲ್ಕು ಸಲ ಎಡವುತ್ತಾರೆ. ಎದುರಿನವರ ಮಾತನ್ನು ಹೇಳುವಾಗ ಸಣ್ಣದೊಂದು ಕುಟುಕು ಸೇರಿಸಿಬಿಡುತ್ತಾರೆ. ಆ ಕುಟುಕು ಇಲ್ಲದೆ ಹೇಳಲು ಬಂದ ದಿನ ಕೋಣೆಯ ಗಾಳಿಯೇ ಬದಲಾಗುತ್ತದೆ. ಎದುರಿನವರ ಭುಜ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ಮತ್ತೆ, ಮಾತಿನ ವಿಷಯವನ್ನು ಚಿಕ್ಕದು ಮಾಡಿ. ‘ದೇಶ ಎತ್ತ ಹೋಗುತ್ತಿದೆ’ ಎಂಬುದರ ಬಗ್ಗೆ ನೀವಿಬ್ಬರೂ ಎಂದೂ ಒಪ್ಪಲಿಕ್ಕಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಒಂದು ನಿರ್ದಿಷ್ಟ ಕಾನೂನಿನ ಒಂದು ಅಂಶ, ಒಂದು ಶಾಲೆ, ಒಂದು ಆಸ್ಪತ್ರೆ, ಮತದಾರರ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು, ಇಂಥದ್ದರಲ್ಲಿ ಆಶ್ಚರ್ಯವಾಗುವಷ್ಟು ಒಪ್ಪಿಗೆ ಸಿಗುತ್ತದೆ. ಪೂರ್ವಗ್ರಹದ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು ಇದನ್ನೇ: ಎರಡು ಗುಂಪಿನವರು ಬರೀ ಎದುರಾದರೆ ಸಾಲದು. ಸಮಾನ ಸ್ಥಾನದಲ್ಲಿ ನಿಂತು, ಇಬ್ಬರಿಗೂ ಬೇಕಾದ ಕೆಲಸವನ್ನು ಸೇರಿ ಮಾಡಬೇಕು. ಅದಕ್ಕೆ ಮೇಲಿನವರ ಬೆಂಬಲವೂ ಇರಬೇಕು.

ಇದು ಇಬ್ಬರ ನಡುವೆ ಸರಿ, ಇಡೀ ಸಮಾಜದಲ್ಲಿ ಆಗುತ್ತದಾ ಎಂದು ನೀವು ಕೇಳಬಹುದು. ನೀವೂ ‘ಹೊರಗೂ ಇದೇ ಕಥೆ’ ಎಂದಿದ್ದೀರಿ ಅಲ್ವಾ?

ಉತ್ತರ ಐರ್ಲೆಂಡನ್ನು ನೋಡಿ. 1960ರ ದಶಕದ ಕೊನೆಯಿಂದ ಮೂರು ದಶಕ ಅಲ್ಲಿ ರಕ್ತ ಹರಿಯಿತು. 3,500ಕ್ಕೂ ಹೆಚ್ಚು ಜನ ಸತ್ತರು. ಒಂದು ಕಡೆಯವರಿಗೆ ಬ್ರಿಟನ್‌ನಲ್ಲೇ ಉಳಿಯಬೇಕು, ಇನ್ನೊಂದು ಕಡೆಯವರಿಗೆ ಐರ್ಲೆಂಡ್ ಒಂದಾಗಬೇಕು. ಇದಕ್ಕೆ ಮಧ್ಯದ ದಾರಿ ಎಲ್ಲಿದೆ? ಅರ್ಧ ದೇಶ ಅಲ್ಲಿ, ಅರ್ಧ ಇಲ್ಲಿ ಎನ್ನಲು ಆಗುತ್ತದಾ? 1998ರ ಏಪ್ರಿಲ್ 10ರಂದು ಆದ ಒಪ್ಪಂದ ಆ ಪ್ರಶ್ನೆಯನ್ನು ಬಿಡಿಸಲಿಲ್ಲ. ಅದನ್ನು ಹೇಗೆ ಬಿಡಿಸಬೇಕು ಎಂಬುದನ್ನು ಮಾತ್ರ ತೀರ್ಮಾನಿಸಿತು. ಅಲ್ಲಿನ ಬಹುಮತ ಬಯಸುವವರೆಗೆ ಬ್ರಿಟನ್‌ನಲ್ಲೇ ಉಳಿಯುವುದು, ಬಹುಮತ ಬದಲಾದರೆ ಮತದಿಂದಲೇ ಬದಲಾಗುವುದು, ಬಂದೂಕಿನಿಂದ ಅಲ್ಲ. ಸರ್ಕಾರದಲ್ಲಿ ಎರಡೂ ಕಡೆಯವರಿಗೆ ಪಾಲು. ಅಲ್ಲಿ ಹುಟ್ಟಿದವರು ತಮ್ಮನ್ನು ಐರಿಷ್ ಎನ್ನಬಹುದು, ಬ್ರಿಟಿಷ್ ಎನ್ನಬಹುದು, ಎರಡೂ ಎನ್ನಬಹುದು. ಮುಂದಿನ ತಿಂಗಳು ನಡೆದ ಜನಮತಗಣನೆಯಲ್ಲಿ ಉತ್ತರ ಐರ್ಲೆಂಡಿನ ಸುಮಾರು 71 ಶೇಕಡಾ ಮತದಾರರು ಅದನ್ನು ಒಪ್ಪಿದರು.

ಆ ಒಪ್ಪಂದದ ಹೆಸರಿನ ಬಗ್ಗೆಯೇ ಇಂದಿಗೂ ಒಮ್ಮತ ಇಲ್ಲ. ಒಂದು ಕಡೆಯವರು ‘ಗುಡ್ ಫ್ರೈಡೆ ಒಪ್ಪಂದ’ ಎನ್ನುವುದು ಹೆಚ್ಚು, ಇನ್ನೊಂದು ಕಡೆಯವರು ‘ಬೆಲ್‌ಫಾಸ್ಟ್ ಒಪ್ಪಂದ’ ಎನ್ನುತ್ತಾರೆ. ಬಾಸ್ಟನ್ನಿನ ಮಹಿಳೆಯರು ಪದಗಳ ಮೇಲೆ ಗುದ್ದಾಡಿದ್ದು ನೆನಪಾಗುತ್ತದೆ. ಇದು ಸುಸೂತ್ರವಾಗಿಯೇ ನಡೆಯಿತು ಎಂದು ನಾನು ಹೇಳುವುದಿಲ್ಲ. ಅಲ್ಲಿನ ಜಂಟಿ ಸರ್ಕಾರ ಹಲವು ಸಲ ಬಿದ್ದಿದೆ. 2017ರಿಂದ 2020ರವರೆಗೆ ಸರ್ಕಾರವೇ ಇರಲಿಲ್ಲ. ಕೆಲವು ಬೀದಿಗಳ ನಡುವೆ ಇನ್ನೂ ಗೋಡೆಗಳಿವೆ. ಆದರೆ ಆ ಹಿಂದಿನ ಯುದ್ಧ ಮರಳಿ ಬರಲಿಲ್ಲ.

ಪಕ್ಕದ ಐರ್ಲೆಂಡ್ ಗಣರಾಜ್ಯ ಬೇರೆ ದಾರಿ ಹಿಡಿಯಿತು. ಗರ್ಭಪಾತದ ಪ್ರಶ್ನೆಯನ್ನು ರಾಜಕಾರಣಿಗಳು ದಶಕಗಳ ಕಾಲ ಮುಟ್ಟಲು ಹೆದರಿದ್ದರು. 2016ರಲ್ಲಿ ಅಲ್ಲಿ ನಾಗರಿಕರ ಸಭೆ ರಚನೆಯಾಯಿತು. ಯಾದೃಚ್ಛಿಕವಾಗಿ ಆರಿಸಿದ 99 ಸಾಮಾನ್ಯ ಜನ, ಅಧ್ಯಕ್ಷರಾಗಿ ಒಬ್ಬ ನ್ಯಾಯಾಧೀಶೆ. ಈ ವಿಷಯಕ್ಕೆ ಐದು ವಾರಾಂತ್ಯ ಕೊಟ್ಟರು. ಚಿಕ್ಕ ಮೇಜುಗಳ ಸುತ್ತ ಕೂತು ವೈದ್ಯರ, ವಕೀಲರ, ಅನುಭವಿಸಿದ ಮಹಿಳೆಯರ, ಎರಡೂ ಕಡೆಯ ಹೋರಾಟಗಾರರ ಮಾತು ಕೇಳಿದರು. ಆಮೇಲೆ ಶಿಫಾರಸು ಮಾಡಿದರು. 2018ರ ಮೇ ತಿಂಗಳ ಜನಮತಗಣನೆಯಲ್ಲಿ 66.4 ಶೇಕಡಾ ಜನ ಸಂವಿಧಾನದ ನಿಷೇಧ ತೆಗೆಯಲು ಮತ ಹಾಕಿದರು. ಸೋತವರಿಗೆ ನೋವಾಯಿತು, ಅದನ್ನು ಮುಚ್ಚಿಡಬಾರದು. ಆದರೂ ಎಣಿಕೆ ಮುಗಿಯುವ ಮೊದಲೇ ವಿರೋಧಿ ಪ್ರಚಾರದ ಮುಖ್ಯ ಗುಂಪು ಸೋಲನ್ನು ಒಪ್ಪಿಕೊಂಡಿತು. ಸೋತವರು ಎಣಿಕೆಯನ್ನು ನಂಬುವುದು ಕೂಡ ಇಬ್ಬರೂ ಕಾಲೂರುವ ಜಾಗವೇ. ಅದು ಕುಸಿದ ದೇಶಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ಇನ್ನು ಈ ಜಾಗ ಎಲ್ಲಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಒಬ್ಬರು ನೂರು ಮತ ಬಂತು ಎನ್ನುತ್ತಾರೆ, ಇನ್ನೊಬ್ಬರು ಮುನ್ನೂರು ಎನ್ನುತ್ತಾರೆ ಅಂದುಕೊಳ್ಳಿ. ಇನ್ನೂರು ಎಂದು ರಾಜಿಯಾಗುವುದು ತಪ್ಪು. ಮತ್ತೆ ಎಣಿಸಬೇಕು. ವಾಸ್ತವದ ವಿಷಯದಲ್ಲಿ ಮಧ್ಯಕ್ಕೆ ಬರುವುದು ಸೌಜನ್ಯ ಅಲ್ಲ. ಹಾಗೆಯೇ, ನಿಮ್ಮ ಮನುಷ್ಯತ್ವವೇ ಚರ್ಚೆಯ ವಿಷಯವಾಗಿದ್ದರೆ, ನಿಮ್ಮ ಜನ ಇಲ್ಲಿ ಬದುಕಬೇಕೋ ಬೇಡವೋ ಎಂದು ಮೇಜಿನ ಮೇಲೆ ಇಟ್ಟಿದ್ದರೆ, ಎದ್ದು ಬರುವ ಹಕ್ಕು ನಿಮಗಿದೆ. ‘ನೀವು ಸ್ವಲ್ಪ ತಾಳ್ಮೆಯಿಂದ ಕೇಳಬೇಕಿತ್ತು’ ಎಂದು ಪೆಟ್ಟು ತಿಂದವರಿಗೇ ಹೇಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ, ಅದು ಅನ್ಯಾಯ. ಆಲ್‌ಪೋರ್ಟ್ ಸಮಾನ ಸ್ಥಾನ ಎಂದದ್ದು ಸುಮ್ನೆ ಅಲ್ಲ. ಒಬ್ಬನ ಕೈಯಲ್ಲಿ ಅಧಿಕಾರ, ಇನ್ನೊಬ್ಬನ ಕೈಯಲ್ಲಿ ಬರೀ ವಿನಂತಿ ಇರುವಾಗ ಮೊದಲು ಬೇಕಾದದ್ದು ನ್ಯಾಯ, ಸಂವಾದ ಆಮೇಲೆ. ಜಗಳದಿಂದಲೇ ಮತ, ಹಣ, ವೀಕ್ಷಕರು ಸಿಗುವವರೂ ಇದ್ದಾರೆ. ಅವರು ಈ ಜಾಗವನ್ನು ಕಟ್ಟಲು ಬಿಡುವುದಿಲ್ಲ. ಅವರ ಮನ ಒಲಿಸಲು ನಿಮ್ಮ ಶಕ್ತಿ ಕಳೆಯಬೇಡಿ.

ನಿಮ್ಮ ಅಣ್ಣ ಅಂಥವನಲ್ಲ ಎಂದು ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ. ‘ಚಿಕ್ಕಂದಿನಿಂದ ಜೋಡಿ’ ಎಂದು ಬರೆದಿದ್ದೀರಿ. ಬಾಸ್ಟನ್ನಿನ ಆ ಆರು ಜನರಿಗೆ ಇಲ್ಲದ ಒಂದು ಆಸ್ತಿ ನಿಮ್ಮಲ್ಲಿ ಆಗಲೇ ಇದೆ. ಅವರು ಅಪರಿಚಿತರಾಗಿ, ಹೆದರುತ್ತ ಶುರು ಮಾಡಿದರು.

ಮೊದಲ ಸಲ ಕೂತಾಗ ಅವನೇ ಜಾಸ್ತಿ ಮಾತಾಡಲಿ. ಆ ದಿನ ನೀವು ಏನನ್ನೂ ತಿದ್ದಬೇಡಿ, ತಪ್ಪು ಅಂಕಿ ಹೇಳಿದರೂ ಸರಿ. ಅದನ್ನು ತಿದ್ದಲು ಮುಂದೆ ಎಷ್ಟೋ ದಿನಗಳಿವೆ. ಅವನು ತಿರುಗಿ ‘ನಿನಗೆ ಇದು ಶುರುವಾದದ್ದು ಯಾವಾಗ?’ ಎಂದು ಕೇಳಿದರೆ, ಎಲ್ಲರೂ ಹೇಳುವ ಉತ್ತರ ಕೊಡಬೇಡಿ. ನಿಮಗೆ ನಿಜವಾಗಿ ಏನು ನಡೆದಿತ್ತೋ ಅದನ್ನು ಹೇಳಿ.